ಬೇಲಿಯ ಹಿಂಭಾಗಕ್ಕಾಗಿಯಾದರೂ ಓದಿ

ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಸ್ಟೀವ್ ಜಾಬ್ಸ್ ಕಥೆ ಎಲ್ಲರಿಗೂ ಗೊತ್ತಿರುವುದೇ, 600 ಪುಟ ದಾಟುವ ಜೀವನಚರಿತ್ರೆ ಯಾಕೆ ಓದಬೇಕು ಅಂತ ಕೇಳಿದ್ದೀರಿ. ಖಂಡಿತ ಓದಿ ಸರ್. ವಾಲ್ಟರ್ ಐಸಾಕ್ಸನ್ ಅವರು ಜಾಬ್ಸ್ ಜೊತೆಗೇ 40ಕ್ಕೂ ಹೆಚ್ಚು ಸಲ ಕೂತು ಮಾತಾಡಿ ಬರೆದದ್ದು. ಹಾಗಂತ ಬರೀ ಹೊಗಳಿಕೆ ಇಲ್ಲ. ಜಾಬ್ಸ್ ತನ್ನ ಮೊದಲ ಮಗಳನ್ನು ತನ್ನವಳೇ ಅಲ್ಲ ಅಂದಿದ್ದನ್ನೂ ಮುಚ್ಚಿಟ್ಟಿಲ್ಲ.

ನನಗೆ ತುಂಬಾ ಹಿಡಿಸಿದ್ದು ಅಪ್ಪ ಪಾಲ್ ಬೇಲಿ ಕಟ್ಟುವ ಪ್ರಸಂಗ. ಯಾರ ಕಣ್ಣಿಗೂ ಬೀಳದ ಹಿಂಭಾಗವನ್ನೂ ಅಷ್ಟೇ ನೀಟಾಗಿ ಮಾಡಬೇಕು ಅಂತ ಮಗನಿಗೆ ಹೇಳಿಕೊಡುತ್ತಾರೆ. ಮುಂದೆ ಅದೇ ಮಗ, ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್ ಒಳಗಡೆಯ ಸರ್ಕ್ಯೂಟ್ ಬೋರ್ಡ್ ಕೂಡ ಅಂದವಾಗಿರಲಿ ಅಂತ ಹಟ ಹಿಡಿದ. ಅದನ್ನು ಓದಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಕಂಪನಿಯೊಳಗಿನ ಜಗಳ ಜಾಸ್ತಿ ಆಯ್ತು ಅನಿಸಿದರೆ ಆ ಪುಟಗಳನ್ನು ಬೇಗ ತಿರುವಿಹಾಕಿ. 1985ರಲ್ಲಿ ಆಪಲ್‌ನಿಂದ ಹೊರಬಿದ್ದ ನಂತರದ ಭಾಗ ಮಾತ್ರ ಬಿಡಬೇಡಿ.