ಕಲೆಗೆ ಸ್ವಾಗತ, ಕಲಾವಿದರಿಗೆ ಜಾಗವಿಲ್ಲ

ಒಂದು ಬಡಾವಣೆಗೆ ‘ಕಲಾತ್ಮಕ’ ಎಂಬ ಬಿರುದು ಸಿಕ್ಕಿತೆಂದರೆ ಅಲ್ಲಿನ ಬಾಡಿಗೆದಾರರು ಗಂಟುಮೂಟೆ ಕಟ್ಟುವ ಕಾಲ ಬಂತೆಂದೇ ತಿಳಿಯಬೇಕು. ಈ ಶಾಸ್ತ್ರವನ್ನು ಸಾಂಗವಾಗಿ ನೆರವೇರಿಸಿದ ಊರು ಪೆರು ದೇಶದ ರಾಜಧಾನಿ ಲಿಮಾ. ಶಾಸ್ತ್ರ ನಡೆದ ಜಾಗ, ಪೆಸಿಫಿಕ್ ಸಾಗರದ ದಂಡೆಯ ಬರಾಂಕೊ. ಕೋಟಿ ಜನರ ಮಹಾನಗರದಲ್ಲಿ ಬರಾಂಕೊ ಪಾಲಿಗೆ ಬಂದಿರುವುದು ಮೂರು ಚದರ ಕಿಲೋಮೀಟರ್ ಚಿಲ್ಲರೆ ನೆಲ. ಅಷ್ಟರಲ್ಲೇ ಗೋಡೆಚಿತ್ರ, ಗ್ಯಾಲರಿ, ಕಾಫಿ ಅಂಗಡಿ, ಮ್ಯೂಸಿಯಂ ಎಲ್ಲವೂ ಅಡಗಿವೆ. ಗೋಡೆಗೆ ಬಣ್ಣ ಬಳಿದವನು ಮಾತ್ರ ಸಂಜೆಯಾದರೆ ಬಸ್ಸು ಹತ್ತಿ ದೂರದ ತನ್ನ ಮನೆಗೆ ಹೋಗಬೇಕು.

ಬಂದವರು ಮೊದಲು ನೋಡುವುದು ‘ನಿಟ್ಟುಸಿರಿನ ಸೇತುವೆ’ಯನ್ನು. 1876ರಲ್ಲಿ ಕಟ್ಟಿದ ಮರದ ಸೇತುವೆ. ಕೆಳಗೆ ಹೊಳೆಯಿಲ್ಲ, ಹಳ್ಳವಿಲ್ಲ; ಸಮುದ್ರದ ಕಡೆಗೆ ಇಳಿಯುವ ಕಾಲುದಾರಿ ಇದೆ. 1881ರ ಯುದ್ಧದಲ್ಲಿ ಚಿಲಿಯ ಸೈನ್ಯ ಬರಾಂಕೊಗೆ ಬೆಂಕಿಯಿಟ್ಟಾಗ ಸೇತುವೆಯೂ ಸುಟ್ಟಿತು. ಊರಿನವರು ಮತ್ತೆ ಕಟ್ಟಿಕೊಂಡರು. ಮೊದಲ ಸಲ ನೋಡುವವರು ಉಸಿರು ಬಿಗಿಹಿಡಿದು ಇದನ್ನು ದಾಟಿದರೆ ಕೋರಿಕೆ ಈಡೇರುತ್ತದೆ ಎಂಬುದು ಪ್ರತೀತಿ. ಸೈನ್ಯ ಸುಟ್ಟರೂ ಉಳಿದ ಪ್ರತೀತಿ ಮೊಬೈಲಿನ ಮುಂದೆ ಸೋತಿದೆ. ಸೇತುವೆಯ ನಟ್ಟನಡುವೆ ಒಬ್ಬಾಕೆ ಹ್ಯಾಟು ವಾರೆ ಮಾಡಿಕೊಂಡು ಕಟಕಟೆಗೆ ಒರಗುತ್ತಾಳೆ. ಗಂಡ ಮೊಬೈಲ್ ಅಡ್ಡ ಹಿಡಿಯುತ್ತಾನೆ, ಆಮೇಲೆ ಉದ್ದ ಹಿಡಿಯುತ್ತಾನೆ. ಚಿತ್ರ ನೋಡಿ ಆಕೆ ಮುಖ ಸಿಂಡರಿಸುತ್ತಾಳೆ, ಮತ್ತೊಮ್ಮೆ ಒರಗುತ್ತಾಳೆ. ಹಿಂದೆ ಕೆನ್ನೆ ಉಬ್ಬಿಸಿಕೊಂಡು ನಿಂತ ಹತ್ತಾರು ಕೋರಿಕೆದಾರರು ಕೆಂಪಾಗಿ, ನೇರಳೆಯಾಗಿ, ಕೊನೆಗೆ ತಡೆಯಲಾರದೆ ಬುಸ್ಸೆಂದು ಉಸಿರು ಬಿಡುತ್ತಾರೆ. ಸೇತುವೆಯ ಹೆಸರು ಸಾರ್ಥಕವಾಗುವುದು ಹೀಗೆ.

ಪಕ್ಕದಲ್ಲೇ ಎರ್ಮಿತಾ ಎಂಬ ಪುಟ್ಟ ಚರ್ಚು. 1940ರ ಭೂಕಂಪದಲ್ಲಿ ಜಖಂಗೊಂಡ ಇದು ದಶಕಗಳ ಕಾಲ ಬೀಗ ಜಡಿಸಿಕೊಂಡು ಕುಳಿತಿತ್ತು. ಚಾವಣಿಯ ಮಣ್ಣು ಉದುರಿ ಒಳಗಿನ ತೊಲೆಗಳು ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತಿದ್ದವು. ಅವುಗಳ ಮೇಲೆ ಕರಿಯ ರಣಹದ್ದುಗಳ ಸಾಲು. ರಿಪೇರಿಗೆ ಯಾರೂ ಅವಸರ ಮಾಡಲಿಲ್ಲ, ಏಕೆಂದರೆ ಫೋಟೊದಲ್ಲಿ ಅದು ಬಲು ಚೆನ್ನಾಗಿ ಬರುತ್ತಿತ್ತು. ಬಾಡಿಗೆ ಕಟ್ಟದೆ ಕಡಲ ನೋಟ ಅನುಭವಿಸಿದ ಬರಾಂಕೊದ ಕೊನೆಯ ನಿವಾಸಿಗಳು ಬಹುಶಃ ಆ ಹದ್ದುಗಳೇ.

ಬಡಾವಣೆಗೆ ಕಲೆ ಅಂಟಿದ ಬಗೆಯೂ ಸೊಗಸಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಿಮಾದ ಸಿರಿವಂತರು ಬೇಸಿಗೆಯ ಸಮುದ್ರಸ್ನಾನಕ್ಕೆಂದು ಇಲ್ಲಿ ಬಂಗಲೆ ಕಟ್ಟಿಸಿದರು. ಮುಂದೆ ಅವರಿಗೆ ಬೇರೆ ಬಡಾವಣೆಗಳು ರುಚಿಸಿದವು. ಲಿಮಾದಲ್ಲಿ ಮಳೆಯೆಂಬುದು ಇಲ್ಲವೇ ಇಲ್ಲ ಎನ್ನಬಹುದಾದ್ದರಿಂದ ಬಿಟ್ಟುಹೋದ ಬಂಗಲೆಗಳು ಸೋರಲಿಲ್ಲ, ಸುಮ್ಮನೆ ಮಾಸಿದವು. ಕೋಣೆಕೋಣೆಯಾಗಿ ಬಾಡಿಗೆಗೆ ಬಿದ್ದವು. ಅಗ್ಗದ ಕೋಣೆಯ ವಾಸನೆ ಹಿಡಿಯುವುದರಲ್ಲಿ ಕವಿ, ಚಿತ್ರಕಾರರನ್ನು ಮೀರಿಸುವವರಿಲ್ಲ. ಅವರು ಬಂದರು. ಅವರಿದ್ದಾರೆಂದು ಬಾರುಗಳು ಬಂದವು, ಬಾರುಗಳಿವೆಯೆಂದು ಪ್ರವಾಸಿಗಳು, ಪ್ರವಾಸಿಗಳ ಬೆನ್ನಿಗೆ ಬಿಲ್ಡರುಗಳು. ಫ್ಯಾಷನ್ ಛಾಯಾಗ್ರಾಹಕ ಮಾರಿಯೊ ಟೆಸ್ಟಿನೊ 2012ರಲ್ಲಿ ಹಳೆಯ ಬಂಗಲೆಯೊಂದರಲ್ಲಿ ತಮ್ಮ ಮ್ಯೂಸಿಯಂ ತೆರೆದರು. ಮರುವರ್ಷವೇ ಸಮಕಾಲೀನ ಕಲೆಯ ಮ್ಯೂಸಿಯಂ ಕೂಡ ಬಾಗಿಲು ತೆರೆಯಿತು. ಚಿತ್ರಗಳಿಗೆ ಕಾಯಂ ವಿಳಾಸ ಸಿಕ್ಕಿತು. ಬರೆದವರು ವಿಳಾಸ ಬದಲಿಸಿದರು.

ಈಗ ಅಲ್ಲಿ ಎದ್ದಿರುವ ಗಾಜಿನ ಕಟ್ಟಡಗಳಲ್ಲಿ ಫ್ಲಾಟ್ ಕೊಳ್ಳುವವರು ನಿಜವಾದ ರಸಿಕರು. ‘ಬೊಹೀಮಿಯನ್ ಜೀವನ’ಕ್ಕೆಂದೇ, ಅಂದರೆ ಕಲಾವಿದರ ಕಟ್ಟುಪಾಡಿಲ್ಲದ ಬದುಕಿಗೆಂದೇ, ಅಷ್ಟು ದುಡ್ಡು ಸುರಿದು ಬರುತ್ತಾರೆ. ಮೊದಲ ಶನಿವಾರ ರಾತ್ರಿ ಕೆಳಗಿನ ಬೀದಿಯಲ್ಲಿ ಕಹೋನ್ ಬಡಿಯುವ ಸದ್ದು ಕೇಳುತ್ತದೆ. ಕಹೋನ್ ಎಂದರೆ ಮರದ ಪೆಟ್ಟಿಗೆ. ಕರಾವಳಿಯ ಕರಿಯರು ಅದರ ಮೇಲೇ ಕುಳಿತು ಬಡಿದು ಪೆರುವಿಗೆ ತಾಳ ಕಲಿಸಿದರು. ರಸಿಕರು ಕಿಟಕಿ ಮುಚ್ಚುತ್ತಾರೆ. ಎರಡನೆಯ ಶನಿವಾರ ಪುರಸಭೆಗೆ ದೂರು ಕೊಡುತ್ತಾರೆ. ಸಂಗೀತದ ಬೀದಿಯಲ್ಲಿ ಮನೆ ಬೇಕು, ಸಂಗೀತ ಮಾತ್ರ ಬೇಡ.

ಊಟದ ವಿಷಯಕ್ಕೆ ಬಂದರೆ ವಿಡಂಬನೆ ಬರೆಯುವವನ ಕೆಲಸವನ್ನು ವಾಸ್ತವವೇ ಮಾಡಿ ಮುಗಿಸಿದೆ. 2018ರಲ್ಲಿ ಬರಾಂಕೊಗೆ ಸ್ಥಳಾಂತರವಾದ ‘ಸೆಂಟ್ರಲ್’ ಎಂಬ ರೆಸ್ಟೋರೆಂಟ್ ಜಗತ್ತಿನ ಅತ್ಯುತ್ತಮ ರೆಸ್ಟೋರೆಂಟುಗಳ 2023ರ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಅಲ್ಲಿ ಬಡಿಸುವುದು ಎತ್ತರದ ಲೆಕ್ಕದಲ್ಲಿ. ಒಂದು ತಟ್ಟೆ ಸಮುದ್ರಮಟ್ಟಕ್ಕಿಂತ ಕೆಳಗಿನದು, ಇನ್ನೊಂದು ಆಂಡಿಸ್ ಬೆಟ್ಟದ 4000 ಮೀಟರ್ ಮೇಲಿನದು. ಅಡುಗೆಯವರ ಪ್ರತಿಭೆಗೆ ಕೈ ಮುಗಿಯಬೇಕು, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಬಾಗಿಲ ಹೊರಗೆ. ಅದೇ ಬೆಟ್ಟಗಳಿಂದ ಆಲೂಗಡ್ಡೆಯ ಹಾಗೆಯೇ ಇಳಿದು ಬಂದ ಲಕ್ಷಾಂತರ ಜನ ಲಿಮಾದಲ್ಲಿದ್ದಾರೆ. ಅವರಲ್ಲೊಬ್ಬ ಹೆಂಗಸು ತಳ್ಳುಗಾಡಿ ನಿಲ್ಲಿಸಿ, ಕೆಂಡದ ಮೇಲೆ ದನದ ಹೃದಯದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಸುಡುತ್ತಾ, ಬೀಸಣಿಗೆಯಿಂದ ಹೊಗೆ ಅತ್ತಿತ್ತ ಸರಿಸುತ್ತಿದ್ದರೆ, ಪುರಸಭೆಯ ಕಾವಲುಗಾರರು ಬಂದು ಎಬ್ಬಿಸುತ್ತಾರೆ. 4000 ಮೀಟರಿನ ಗೆಡ್ಡೆಗೆ ಮೇಜಿನ ಮೇಲೆ ಪೀಠ. 4000 ಮೀಟರಿನ ಹೆಂಗಸಿಗೆ ಪಾದಚಾರಿ ಮಾರ್ಗದ ಮೇಲೂ ನೆಲೆಯಿಲ್ಲ.

ಇನ್ನು ನಕ್ಷೆ. 2010ರಲ್ಲಿ ಶುರುವಾದ ಮೆಟ್ರೊಪೊಲಿತಾನೊ ಎಂಬ ವೇಗದ ಬಸ್ಸಿನ ಪ್ರತ್ಯೇಕ ಪಥ ಬರಾಂಕೊವನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಸ್ಥಳೀಯರು ಪ್ರತಿಭಟಿಸಿದರು, ಬಸ್ಸು ಓಡಿತು. ಪಥದಿಂದ ಕಡಲಿನತ್ತ ಇರುವುದು ‘ಕಲಾತ್ಮಕ ಬರಾಂಕೊ’. ಪಥದಿಂದ ಆಚೆ, ಗ್ಯಾರೇಜು, ದಿನಸಿ ಅಂಗಡಿ, ಹಗ್ಗದ ಮೇಲೆ ಒಣಗುವ ಬಟ್ಟೆಯ ಪ್ರದೇಶವೂ ದಾಖಲೆಯಲ್ಲಿ ಬರಾಂಕೊವೇ. ಪ್ರವಾಸಿ ನಕ್ಷೆಯಲ್ಲಿ ಅದು ಜಾಹೀರಾತು ಅಚ್ಚು ಹಾಕುವ ಜಾಗ.

ಸಮುದ್ರ? ಇದೆ, ಇಲ್ಲವೆನ್ನಲಾಗದು. ಕಡಿದಾದ ಬಂಡೆಯ ಬುಡಕ್ಕೆ ಇಳಿದರೆ ಮೊದಲು ಸಿಗುವುದು ಅಲೆಯಲ್ಲ, ಕಾರುಗಳು ಭರ್ರೆಂದು ಓಡುವ ಹೆದ್ದಾರಿ. ಮೇಲಿಂದ ಕಲ್ಲು ಉರುಳದಂತೆ ಬಂಡೆಗೆ ಬಲೆ ಹೊದಿಸಿದ್ದಾರೆ. ಪಾದಚಾರಿ ಸೇತುವೆ ಹತ್ತಿ ಆಚೆ ಇಳಿದರೆ ತಣ್ಣೀರು, ಮೇಲೆ ಬಹುಪಾಲು ಬೂದಿಬಣ್ಣದ ಆಕಾಶ. ಆದ್ದರಿಂದ ಹೆಚ್ಚಿನವರು ಮೇಲಿನಿಂದಲೇ ಕಡಲಿನ ಫೋಟೊ ತೆಗೆದುಕೊಂಡು, ಬಣ್ಣ ಸ್ವಲ್ಪ ಏರಿಸಿ, ಕಾಫಿಗೆ ಹೋಗುತ್ತಾರೆ.

ಬರಾಂಕೊ ಆಡಳಿತಕ್ಕೆ ನನ್ನದೊಂದು ಸಲಹೆ. ಕಲಾವಿದರೇ ಇಲ್ಲದ ಕಲಾಬಡಾವಣೆ ಎಂದು ನಾಳೆ ಯಾರಾದರೂ ಆಡಿಕೊಂಡರೆ ಮರ್ಯಾದೆ ಹೋಗುತ್ತದೆ. ಆದಕಾರಣ ಕೂಡಲೇ ‘ನಿವಾಸಿ ಕಲಾವಿದ’ ಹುದ್ದೆಯೊಂದನ್ನು ಸೃಷ್ಟಿಸಬೇಕು. ಕೆಲಸದ ವೇಳೆ ಬೆಳಗ್ಗೆ ಹತ್ತರಿಂದ ಸಂಜೆ ಐದು. ಗಡ್ಡ ಕಡ್ಡಾಯ. ಸೇತುವೆಯ ಬಳಿ ಕುಂಚ ಹಿಡಿದು ಚಿಂತಾಮಗ್ನನಾಗಿ ಕುಳಿತಿರಬೇಕು. ಫೋಟೊಗೆ ಪ್ರತ್ಯೇಕ ಭತ್ಯೆ ಇಲ್ಲ. ಗಿಟಾರ್ ಇಟ್ಟುಕೊಳ್ಳಬಹುದು, ತಂತಿ ಇರಕೂಡದು. ಅರ್ಜಿದಾರರು ಬೇರೆ ಬಡಾವಣೆಯಲ್ಲಿ ಸ್ವಂತ ವಸತಿ ಹೊಂದಿರತಕ್ಕದ್ದು.