ತೆರಿಗೆ ಬರುವ ತನಕ ನಗರಸಭೆ ಸಾಲ ಮಾಡಬಹುದೇ?

ಕಾರವಾರವಾಗಲಿ, ಶಿರಸಿಯಾಗಲಿ, ನಗರಸಭೆಗೆ ಖರ್ಚು ತಿಂಗಳು ತಿಂಗಳೂ ಇದೆ, ಆದಾಯ ಹಾಗಲ್ಲ. ಶೇ. 5 ರಿಯಾಯಿತಿ ಇರುತ್ತದಲ್ಲ, ಏಪ್ರಿಲ್‌ನಲ್ಲಿ ಜನ ಬಂದು ಆಸ್ತಿ ತೆರಿಗೆ ಕಟ್ಟುತ್ತಾರೆ. ಆಮೇಲೆ ಕೌಂಟರ್ ಖಾಲಿ. ರಾಜ್ಯದ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ ಬರುವುದು ಕಂತಿನಲ್ಲಿ. ಸರ್ಕಾರದ ಅನುಮತಿ ಇಲ್ಲದೆ ನಗರಸಭೆ ಸಾಲ ಎತ್ತುವ ಹಾಗೂ ಇಲ್ಲ. ನಡುವಿನ ತಿಂಗಳುಗಳಿಗೆ ಬ್ಯಾಂಕಿನಲ್ಲಿ ಓಡಿ (ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಸಾಲ) ತೆಗೆಯಲು ಬಿಡಬೇಕೇ?

ಪರ

ಶಿರಸಿ ಕಡೆ ಅಡಿಕೆ ತೋಟದವರನ್ನು ನೋಡಿ. ಬೆಳೆ ಕೈಗೆ ಬರುವುದು ವರ್ಷಕ್ಕೊಮ್ಮೆ. ಕೊಳೆ ರೋಗದ ಔಷಧಿ, ಆಳಿನ ಕೂಲಿ, ಮಕ್ಕಳ ಫೀ ಅಲ್ಲಿ ತನಕ ಕಾಯುತ್ತವೆಯೇ? ಅದಕ್ಕೇ ಸೊಸೈಟಿಯಲ್ಲಿ ಆಸಾಮಿ ಖಾತೆ, ಬೇಕಾದಾಗ ಸಾಲ ತೆಗೆಯುವ ಲೆಕ್ಕ. ಅಡಿಕೆ ಮಾರಿದಾಗ ಲೆಕ್ಕ ಚುಕ್ತಾ. ರಾಜ್ಯ ಸರ್ಕಾರದ ಕೈ ಬರಿದಾದರೂ ರಿಸರ್ವ್ ಬ್ಯಾಂಕ್ ಅಲ್ಪಾವಧಿ ಮುಂಗಡ ಕೊಡುತ್ತದೆ. ನಗರಸಭೆಗೆ ಮಾತ್ರ ಯಾಕಿಲ್ಲ?

ಊರಿನ ಹೆಸರು ಬೇಡ. ನಮ್ಮ ಕೇರಿಗೆ ಬರುವ ಕಸದ ಗಾಡಿಯ ಲೋಡರ್‌ಗೆ ಒಮ್ಮೆ ಮೂರು ತಿಂಗಳು ಸಂಬಳ ಬರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಅವನ ಉದ್ರಿ ಪುಸ್ತಕದ ಹಾಳೆ ಮುಗಿದು, ಅಂಗಡಿಯವರು ರಟ್ಟಿನ ಒಳಮೈಯಲ್ಲಿ ಬರೆಯುತ್ತಿದ್ದರು. ಅಂದರೆ ನಗರಸಭೆ ಸಾಲ ಮಾಡುತ್ತಲೇ ಇದೆ, ಬ್ಯಾಂಕಿನಿಂದಲ್ಲ, ಲೋಡರ್‌ನಿಂದ. ಅದೂ ಬಡ್ಡಿ ಕೊಡದೆ.

ಇನ್ನು ಆ ಶೇ. 5 ರಿಯಾಯಿತಿ. ಅದೂ ಒಂದು ಬಗೆಯ ಸಾಲವೇ. 4,000 ರೂಪಾಯಿ ತೆರಿಗೆ ಏಪ್ರಿಲ್‌ನಲ್ಲಿ ಕಟ್ಟಿದರೆ 200 ರೂಪಾಯಿ ಬಿಡುತ್ತಾರೆ. ದಂಡವಿಲ್ಲದೆ ಕಟ್ಟಲು ಜೂನ್ ತನಕ ಸಮಯ ಇದೆ. ಎರಡು ತಿಂಗಳು ಮುಂಚೆ ದುಡ್ಡು ಬರಲಿ ಅಂತ 200 ರೂಪಾಯಿ! ಅಷ್ಟೇ ಹಣಕ್ಕೆ ಶೇ. 10ರ ಬಡ್ಡಿ ಹಾಕಿದರೂ ಎರಡು ತಿಂಗಳಿಗೆ 70 ರೂಪಾಯಿ ದಾಟುವುದಿಲ್ಲ.

ವಿರೋಧ

ಲೆಕ್ಕ ಚೆನ್ನಾಗಿದೆ. ಆದರೆ ರಿಯಾಯಿತಿ ಇಲ್ಲದಿದ್ದರೆ ಆ 4,000 ಜೂನ್‌ಗೆ ಬಂದೇ ಬರುತ್ತದೆ ಅಂತ ಯಾರು ಹೇಳಿದರು? ಜುಲೈಯಿಂದ ತಿಂಗಳಿಗೆ ಶೇ. 2 ದಂಡ ಇದ್ದರೂ ಕಟ್ಟದವರು ಕಡಿಮೆಯೇ?

ಆಸಾಮಿ ಖಾತೆ ಬಾಕಿಯಾದರೆ ಸೊಸೈಟಿಯವರು ತೋಟದವರ ಮನೆಗೇ ಬರುತ್ತಾರೆ. ನಗರಸಭೆಯ ಸಾಲ ಬಾಕಿಯಾದರೆ ಅದು ಮುಂದಿನ ಕೌನ್ಸಿಲ್ ತಲೆಗೆ. ಮಳಿಗೆ ಬಾಡಿಗೆ, ನೀರಿನ ಬಿಲ್ ವಸೂಲಿಗೆ ಹೋದರೆ ಎದುರಿಗೆ ಸಿಗುವವರು ಮತದಾರರು, ಪರಿಚಯದವರು. ಮುಜುಗರದ ಕೆಲಸ ಅದು. ಓಡಿ ಸಿಕ್ಕಿದರೆ ಆ ಮುಜುಗರ ಇನ್ನೊಂದು ವರ್ಷ ಮುಂದೆ ಹೋಗುತ್ತದೆ, ಅಷ್ಟೇ.

ಅನುದಾನ ತಡ ಮಾಡುವುದು ಬೆಂಗಳೂರು. ಬಡ್ಡಿ ಕಟ್ಟುವವರು ನಾವು. ಇದು ಯಾವ ನ್ಯಾಯ? 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರ ಕೊಟ್ಟ ದುಡ್ಡು ಖಾತೆಯಲ್ಲೇ ಕೂತಿದ್ದರೂ ಅದನ್ನು ಸಂಬಳಕ್ಕೆ ಮುಟ್ಟುವ ಹಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗಳು, ಅಂದರೆ ಅಲ್ಲಿನ ಸ್ಥಳೀಯ ಸಂಸ್ಥೆಗಳು, ಒಂದಕ್ಕೊಂದು ಕೈಗಡ ಕೊಡುತ್ತವೆ. ಥರಕ್ ಅನ್ನುವ ಕೌನ್ಸಿಲ್ ಹಾಗೆ ತಂದ ಸಾಲವನ್ನು ಸೋಲಾರ್ ವ್ಯವಹಾರಕ್ಕೆ ಸುರಿಯಿತು. 2022ರ ಡಿಸೆಂಬರ್‌ನಲ್ಲಿ ಕೈ ಚೆಲ್ಲಿತು.

ಲೋಡರ್ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಆದರೂ ಒಂದು ಕೇಳುತ್ತೇನೆ. ಕಾರವಾರದ ಟ್ರಾಲರ್‌ನವರಿಗೆ ಜೂನ್ 1ರಿಂದ 61 ದಿನ ಮೀನುಗಾರಿಕೆ ಬಂದ್ ಅಂತ ಮೊದಲೇ ಗೊತ್ತು. ಕೈಲಾದವರು ಮೇ ತಿಂಗಳಲ್ಲೇ ಒಂದಿಷ್ಟು ತೆಗೆದಿಡುತ್ತಾರೆ. ನಗರಸಭೆಗೂ ಜುಲೈ ಬರುವುದು ಗೊತ್ತಲ್ವಾ? ಏಪ್ರಿಲ್ ತೆರಿಗೆಯಲ್ಲಿ ಮೂರು ತಿಂಗಳ ಸಂಬಳ ಮೊದಲು ಪಕ್ಕಕ್ಕಿಡಲಿ. ಸ್ವಾಗತ ಕಮಾನಿನ ಟೆಂಡರ್ ಆಮೇಲೆ ಕರೆಯಲಿ.