“ಓದ್ಕೊಂಡು ಬಾ” ಅಂದರೆ ತರಬೇತಿ ಆಯ್ತೇ?

“ಈಗಿನ ಪಿಜಿಗಳು ತಾವಾಗಿ ಏನೂ ಓದಲ್ಲ” ಅನ್ನುವ ದೂರು ಮೆಡಿಕಲ್ ಕಾಲೇಜಿನ ಎಲ್ಲ ವಿಭಾಗಗಳಲ್ಲೂ ಇದೆ. ಪಿಜಿ ಅಂದರೆ ಎಂಬಿಬಿಎಸ್ ಮುಗಿಸಿ, ಎಂಡಿ, ಎಂಎಸ್ ಓದುತ್ತಲೇ ಡ್ಯೂಟಿ ಮಾಡುವ ಡಾಕ್ಟರು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ತೂರಿಸುವ ನಳಿಕೆ) ಹಾಕುವುದನ್ನು ಕೈಹಿಡಿದು ಕಲಿಸುತ್ತೇವೆ. ತಾನಾಗಿ ಕಲಿಯುವುದನ್ನು ಮಾತ್ರ ಅವರು ಹುಟ್ಟುತ್ತಲೇ ತಂದಿರಬೇಕಂತೆ!

ರಾತ್ರಿ, ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ, 112ಕ್ಕೆ ಇಳಿದು ಫಿಟ್ಸ್ ಬಂದಿರುವ ರೋಗಿ. ಡ್ಯೂಟಿ ಪಿಜಿ ಫೋನ್ ಮಾಡಿದರೆ ಸೀನಿಯರ್ “3% ಸಲೈನ್ 100 ಎಂಎಲ್, ಹತ್ತು ನಿಮಿಷದಲ್ಲಿ ಕೊಡು” ಅನ್ನುತ್ತಾರೆ. ಆ ಹೊತ್ತಿಗೆ ಅದೇ ಸರಿ. ಕೆಡುವುದು ಬೆಳಗಿನ ರೌಂಡ್ಸ್‌ನಲ್ಲಿ, “ಹೈಪೊನೇಟ್ರೀಮಿಯಾ (ಸೋಡಿಯಂ ಇಳಿಯುವುದು) ಓದ್ಕೊಂಡು ಬಾ” ಅಂದು ಮುಂದಿನ ಬೆಡ್‌ಗೆ ಹೋದಾಗ. ಅದು ಒಂದಿಡೀ ಅಧ್ಯಾಯ, ಪ್ರಶ್ನೆಯಲ್ಲ.

ಬೆಡ್ ಪಕ್ಕದಲ್ಲೇ ಪ್ರಶ್ನೆ ಬರೆಸಿ: “ಕುಡಿತದ ಚಟವಿರುವ, ಪೊಟ್ಯಾಸಿಯಂ 2.8 ಇರುವ ಈ ರೋಗಿಗೆ 24 ಗಂಟೆಯಲ್ಲಿ ಸೋಡಿಯಂ ಈಗಿರುವುದಕ್ಕಿಂತ ಹೆಚ್ಚೆಂದರೆ ಎಷ್ಟು ಏರಬಹುದು?” (ತೀರಾ ಬೇಗ ಏರಿದರೆ ಮಿದುಳಿಗೆ ಪೆಟ್ಟು.) ಮೊಬೈಲ್ ತೆಗೆಯುವ ಮೊದಲೇ ತನ್ನ ಉತ್ತರವನ್ನೂ ಅದರ ಮೇಲೆ ಎಷ್ಟು ಭರವಸೆ ಇದೆ ಅನ್ನುವುದನ್ನೂ ಪೆನ್ನಿನಲ್ಲಿ ಬರೆಯಲಿ. ಈ ಹಂತ ಬಿಟ್ಟರೆ ಉಳಿದದ್ದು ದಂಡ. ಓದಿ ಮುಗಿಸಿದ ಮೇಲೆ ‘ಇದು ನಂಗೆ ಗೊತ್ತೇ ಇತ್ತು’ ಅಂತ ಎಲ್ಲರಿಗೂ ಅನಿಸುತ್ತದೆ. 12 ಅಂತ ಬರೆದವರು, ಇಂಥ ರೋಗಿಯಲ್ಲಿ ಮಿತಿ 8 ಅಂತ ಕಂಡಾಗ ಮರೆಯುವುದಿಲ್ಲ. ಪೊಟ್ಯಾಸಿಯಂ ಕೊಟ್ಟರೂ ಸೋಡಿಯಂ ಏರುತ್ತದೆ ಅನ್ನುವುದು ಬಹಳ ಜನರ ಲೆಕ್ಕದಲ್ಲೇ ಇರುವುದಿಲ್ಲ.

ಮರುದಿನ ಮೂರೇ ನಿಮಿಷ: ಪ್ರಶ್ನೆ, ನನ್ನ ಊಹೆ, ಸಿಕ್ಕಿದ್ದು, ಇವತ್ತು ಕೇಸ್‌ಶೀಟ್‌ನಲ್ಲಿ ಯಾವ ಆರ್ಡರ್ ಬದಲಾಗಬೇಕು. ಇಲ್ಲಿ, ಗಂಟೆಗೊಮ್ಮೆ ಮೂತ್ರದ ಅಳತೆ. ಅದು ದಿಢೀರ್ ಹೆಚ್ಚಿದರೆ ಸೋಡಿಯಂ ತೀರಾ ಬೇಗ ಏರಲು ಶುರುವಾಗಿರಬಹುದು. ಬದಲಾಗುವ ಆರ್ಡರೇ ಇಲ್ಲದಿದ್ದರೆ ಬಹುಪಾಲು ಪ್ರಶ್ನೆಯೇ ಸಡಿಲವಾಗಿರುತ್ತದೆ. ಪಿಪಿಟಿ ಬೇಡ.

ಒಬ್ಬರಿಗೆ ವಾರಕ್ಕೊಂದು ಪ್ರಶ್ನೆ ಸಾಕು. ದಿನಕ್ಕೊಂದು ಅಂದರೆ 24 ಗಂಟೆ ಡ್ಯೂಟಿ ಮುಗಿಸಿದವರು ಎರಡನೇ ವಾರಕ್ಕೇ ಕಾಪಿ ಹೊಡೆಯುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಒಂದೇ ಪೆನ್ನಿನಲ್ಲಿ ತುಂಬುವ ಲಾಗ್‌ಬುಕ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು, ವೈವಾ ಧಾಟಿಯಲ್ಲಿ ಕೇಳಿದರೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಆರಿಸಿ ತರುತ್ತಾರೆ. ಯೂನಿಟ್ ಚೀಫ್ ಆಗಾಗ “ಇದು ನಂಗೂ ಗೊತ್ತಿಲ್ಲ” ಅಂದು ತಮ್ಮ ತಪ್ಪು ಊಹೆಯನ್ನೂ ಎಲ್ಲರೆದುರು ಓದಬೇಕು. ನಮ್ಮಲ್ಲಿ ಕಷ್ಟ ಇರುವುದೇ ಇಲ್ಲಿ.

ಮೊದಲ ವರ್ಷ ಪ್ರಶ್ನೆಯನ್ನು ಯೂನಿಟ್ ಕೊಡಲಿ, ಎರಡನೇ ವರ್ಷದಿಂದ ಅವರೇ ಹುಡುಕಲಿ. ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2023ರ ನಿಯಮದಂತೆ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ರೆಸಿಡೆನ್ಸಿ ಇದ್ದೇ ಇದೆ, ಮೂರನೇ ಸೆಮಿಸ್ಟರ್‌ನಿಂದಲೇ ಬರಬಹುದು. ಅಲ್ಲಿ ಬೆಳಗ್ಗೆ “ಏನು ಓದಿದೆ?” ಅಂತ ಕೇಳಲು ಯೂನಿಟ್ ಚೀಫ್ ಇರುವುದಿಲ್ಲ.